ಸುಣ್ಣದ ಬೊಟ್ಟಿನ ಕಾಯಿ

"ಅಣ್ಣಾ, ಬೆಂಕಿಪೊಟ್ಟಣ ಕೊಡು ಇಲ್ಲಿ!"

ದುರ್ಗಯ್ಯ ಕೈ ಮೇಲೆತ್ತಿದ. ಐದನೇ ಕ್ಲಾಸಿನ ಗಂಗಿಯೇನು ಕಮ್ಮಿಯೇ? ಎಗರಿ ಕಿತ್ತುಕೊಂಡು ಲಂಗದ ಸೊಂಟಕ್ಕೆ ಸಿಕ್ಕಿಸಿಬಿಟ್ಟಳು.

"ಕೊಡೇ ಗಂಗಿ! ಆ ವೀರಭದ್ರಯ್ಯನ ಅಟ್ಟ ಇವತ್ತು ಉರೀಬೇಕು."

"ಹೂಂ ಕಣ್ಲಾ, ಬುದ್ಧಿ ಕಲಿಸ್ಬೇಕು," ಎಂದು ಅವನ ಗೆಳೆಯ ಬೆಟ್ಟಸ್ವಾಮಿ ಉರಿಯುವ ಬೆಂಕಿಗೆ ತುಪ್ಪ ಸುರಿದ. ಬೆಲ್‌ಬಾಟಮ್ ಪ್ಯಾಂಟಿನ ಶೋಕಿಲಾಲ ಅವನು.

ಸಿಟ್ಟು ಬರದೆ ಇರುತ್ತದೆಯೇ? ಸರ್ಕಾರ ಕೊಟ್ಟ ತುಂಡು ಜಮೀನಿನಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ತೆಂಗು, ಮೊದಲ ಸಲ ಫಸಲು ಬಿಟ್ಟಿತ್ತು. ಹಸಿ ಕಾಯಿ ಮಾರಿದರೆ ಪುಡಿಗಾಸು. ಅಟ್ಟದ ಮೇಲೆ ವರ್ಷ ಒಣಗಿಸಿ ಕೊಬ್ಬರಿ ಮಾಡಿದರೆ ತಿಪಟೂರಲ್ಲಿ ಒಳ್ಳೆ ರೇಟು. ಆದರೆ ಕೆಳಗಿನ ಕೇರಿಯ ಗುಡಿಸಲಲ್ಲಿ ಅಟ್ಟ ಎಲ್ಲಿಂದ ಬರಬೇಕು? ಒಂದು ಮೂಲೆ ಕೊಡಿ ಎಂದು ಕೇಳಿದ ದುರ್ಗಯ್ಯನಿಗೆ, "ಕೇರಿಯೋರ ಕಾಯಿಗೆ ನಮ್ಮ ಅಟ್ಟನಾ? ಹೋಗ್ಲಾ," ಎಂದಿದ್ದರು ಮೇಲಿನ ಬೀದಿಯ ವೀರಭದ್ರಯ್ಯ.

ಗಂಗಿ ಮೇಲಿನ ಬೀದಿಗೆ ಓಡಿದಳು. ಬೆಂಕಿಯ ವಿಷಯ ಬಾಯಿಬಿಡಲಿಲ್ಲ. ವೀರಭದ್ರಯ್ಯನವರ ಅಂಗಳದಲ್ಲಿ ನೆಟ್ಟಗೆ ನಿಂತಳು.

"ಅಯ್ಯಾ, ಅಟ್ಟದಲ್ಲಿ ಒಂದು ಮೂಲೆ ಕೊಡಿ. ಬಿಟ್ಟಿ ಬ್ಯಾಡ. ನಿಮ್ಮ ಕಾಯೆಲ್ಲಾ ನಮ್ಮಣ್ಣ ಸುಲಿದುಕೊಡ್ತಾನೆ. ಅವನಷ್ಟು ಫಾಸ್ಟಾಗಿ ಸುಲಿಯೋರು ಈ ಊರಲ್ಲಿ ಯಾರವ್ರೆ ಹೇಳಿ!"

"ನಿಮ್ಮ ಕಾಯಿ ಯಾವ್ದು, ನಮ್ಮದ್ಯಾವ್ದು? ನಾಳೆ ಜಗಳಕ್ಕೆ ಬರಲ್ವೇನಮ್ಮೀ?"

"ನಮ್ಮ ಕಾಯಿಗೆ ಸುಣ್ಣದ ಬೊಟ್ಟು ಇಡ್ತೀನಿ."

ಅವರ ಹೆಂಡತಿ ಗುರುಸಿದ್ದಮ್ಮ ಒಳಗಿನಿಂದಲೇ ನಕ್ಕರು. "ಸುಲಿಯೋ ಆಳು ಸಿಗ್ಲಿಲ್ಲ ಅಂತ ಹೋದ್ವರ್ಷ ಒದ್ದಾಡಿದ್ದು ಮರೆತ್ರಾ? ಕೊಡಿ ಅತ್ಲಾಗೆ."

ವೀರಭದ್ರಯ್ಯ ಮೀಸೆ ತೀಡಿದರು. "ಕಿಟಕಿ ಪಕ್ಕದ ಮೂಲೆ. ಬೊಟ್ಟು ದೊಡ್ಡದಾಗಿಡು," ಎಂದರು.

ಗಂಗಿ ಇಟ್ಟ ಬೊಟ್ಟುಗಳೋ, ರೂಪಾಯಿ ಅಗಲ! ದುರ್ಗಯ್ಯ ಮುಖ ಗಂಟಿಕ್ಕಿಕೊಂಡೇ ಕಾಯಿ ಏರಿಸಿದ. ಆಮೇಲೆ ವಾರವಾರವೂ ಅಟ್ಟ ಹತ್ತಿ, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ನೀರು ಬತ್ತಿ, ಒಣಗಿದ ತಿರುಳು ಒಳಗೆ ಲೊಟಲೊಟ ಎಂದರೆ ಕೊಬ್ಬರಿ ಆಯಿತೆಂದು ಲೆಕ್ಕ.

ವರ್ಷದ ಕೊನೆಗೆ ಕಾಯಿ ಲೊಟಗುಟ್ಟಲು ಶುರುಮಾಡಿದ ದಿನಗಳಲ್ಲೇ, ಮೇಲಿನ ಬೀದಿಯ ಹುಡುಗರು ಬೆಟ್ಟಸ್ವಾಮಿಯನ್ನು ಹೋಟೆಲಿನ ಬೆಂಚಿನಿಂದ ಎಬ್ಬಿಸಿ ಕಳಿಸಿದರು. ಅವನು ಬುಸುಗುಡುತ್ತಾ ಬಂದ. ಕೈಯಲ್ಲಿ ಸೀಮೆಎಣ್ಣೆ ಬಾಟ್ಲಿ.

"ನಡಿಯೋ ದುರ್ಗ. ಮೇಲಿನ ಬೀದಿಯೋರ ಅಟ್ಟ ಇವತ್ತು ಬಿಡಲ್ಲ."

ಗಂಗಿ ಅಣ್ಣನ ಕಡೆ ತಿರುಗಿದಳು. ಅಣ್ಣ ಎದ್ದ. ಎದ್ದು ಹೋಗಿ ಬೆಟ್ಟಸ್ವಾಮಿಗೆ ಅಡ್ಡ ನಿಂತ.

"ಅಲ್ಲಿ ನಮ್ಮ ಕಾಯಿ ಅವೆ ಕಣ್ಲಾ. ನಾಳೆ ಹೋಟೆಲಿಗೆ ಇಬ್ರೂ ಹೋಗಿ ಅದೇ ಬೆಂಚಲ್ಲಿ ಕೂರಾನ. ಯಾರು ಎಬ್ಬಿಸ್ತಾರೋ ನಾನೂ ನೋಡ್ತೀನಿ. ಅಟ್ಟದ ತಂಟೆ ಮಾತ್ರ ಬ್ಯಾಡ."

ಗಂಗಿಯ ಎದೆ ಉಬ್ಬಿತು. ನಮ್ಮಣ್ಣ ಅಂದರೆ ಅಣ್ಣ!

"ನಿಂದೈತೆ. ನಂದೇನ್ಲಾ ಐತೆ ಅಲ್ಲಿ?" ಎಂದ ಬೆಟ್ಟಸ್ವಾಮಿ.

ಗಂಗಿ ಬೆಟ್ಟಸ್ವಾಮಿಯ ಮುಖವನ್ನೇ ನೋಡಿದಳು. ಹೋದ ವರ್ಷ ಬೆಂಕಿಪೊಟ್ಟಣ ಹಿಡಿದಿದ್ದ ಅಣ್ಣನ ಮುಖವೂ ಹೀಗೇ ಇತ್ತು.

"ಬೆಟ್ಟಣ್ಣ, ನಿಮ್ಮ ಹಿತ್ತಲ ಮರದ ಕಾಯಿ ಬಿದ್ದವಲ್ಲ, ಆರಿಸಿಡು. ಅಟ್ಟದಲ್ಲಿ ಇನ್ನೊಂದು ಮೂಲೆ ಅಯ್ಯನ್ನ ನಾನು ಕೇಳ್ತೀನಿ," ಎಂದವಳೇ ಸುಣ್ಣ ಕಲಸಲು ಒಳಗೆ ಓಡಿದಳು.