ಬೇಗಂಪೇಟೆಯ ಬಂಗಲೆಯಲ್ಲಿ ನನ್ನ ಹಾಡು

ಜಾಗೀರದಾರ ಮನೆತನದ ಸುಭದ್ರಾದೇವಿಯವರ ಬೇಗಂಪೇಟೆಯ ಬಂಗಲೆಯಲ್ಲಿ ಹಾಡಿದವರಿಗೆ ಹೈದರಾಬಾದಿನ ಎಲ್ಲ ವೇದಿಕೆಗಳೂ ತೆರೆಯುತ್ತಿದ್ದವು. ಹೋದ ವರ್ಷ ನನಗೂ ಕರೆ ಬಂತು. ರಾಯಚೂರಿನಿಂದ ರೈಲಿನಲ್ಲಿ ಬಂದು ಮಧ್ಯಾಹ್ನ ನೇರ ಅಲ್ಲಿಗೇ ಹೋದೆ. ಅದಕ್ಕೆ ಮೊದಲು ಆ ಮನೆಯನ್ನು ಕಂಡವಳೇ ಅಲ್ಲ.

ತಂಬೂರಿಯನ್ನು ನನ್ನ ಶ್ರುತಿಗೇ ಕೂಡಿಸಿಟ್ಟಿದ್ದರು. ತಂತಿಗಳು ಬೆಚ್ಚಗಿದ್ದವು.

“ಸಾವಿತ್ರಿಬಾಯಾರ, ನಿನ್ನಿ ಭೀಮಪಲಾಸಿ ರಾಗ ಅರ್ಧಕ್ಕ ಬಿಟ್ರಿ. ಅಲ್ಲಿಂದನ ಹಾಡ್ರಿ,” ಎಂದರು ದೇವಿಯವರು.

“ನಿನ್ನಿ ನಾ ರಾಯಚೂರಾಗ ಇದ್ದೆನ್ರಿ.”

ಅತಿಥಿಗಳು ನಕ್ಕರು. ದೇವಿಯವರು ಹಾಡುಗಾರರ ಸಹಿಪುಸ್ತಕ ತೆರೆದು ತೋರಿಸಿದರು. ಹಿಂದಿನ ದಿನದ ತಾರೀಖಿನ ಕೆಳಗೆ ಕನ್ನಡದಲ್ಲಿ ನನ್ನ ಸಹಿಯಿತ್ತು, ಅಕ್ಷರ ನನ್ನದೇ.

ಬೆವರುತ್ತಲೇ ಒಂದು ತಾಸು ಹಾಡಿದೆ. ಯಾರೂ ವಾಹ್ ಅನ್ನಲಿಲ್ಲ.

“ನಿನ್ನಿ ಭಾಳ ಚಲೋ ಹಾಡಿದ್ರಿ,” ಎಂದು ದೇವಿಯವರು ಮೆಲ್ಲಗೆ ಹೇಳಿದರು.

ಆಮೇಲೆ ನಾನು ಅತ್ತ ಹೋಗಿಲ್ಲ. ಆದರೂ ಪ್ರತಿ ತಿಂಗಳು ಆ ಬಂಗಲೆಯಲ್ಲಿ ನನ್ನ ಹಾಡು ಕೇಳಿ ಬಂದವರು ಫೋನ್ ಮಾಡಿ ಹೊಗಳುತ್ತಾರೆ.