ಅಜ್ಜಿಗೆ ಮದುವೆ ತೋರಿಸಲು ಬಂದವನು

“ನೀವು ಹಾಕಿ ಹೋದ ಟಿವಿ ಕೆಟ್ಟೈತ್ರಿ.”

ಸುಜಾತಾ ಅಂಜಿನಿಗೆ ಆಡಿದ ಮೊದಲ ಮಾತು ಇದು, ಅದೂ ಫೋನಿನಲ್ಲಿ. ಅವನು ಹಡಗಲಿಯ ಟಿವಿ ಅಂಗಡಿಯಲ್ಲಿ ಮೆಕ್ಯಾನಿಕ್. ಹಿಂದಿನ ದಿನವಷ್ಟೇ ಹೊಳಲಿಗೆ ಹೋಗಿ ಅವರ ಮನೆಯ ಗೋಡೆಗೆ ಹೊಸ ಟಿವಿ ಕೂರಿಸಿ ಬಂದಿದ್ದ. ಒಂದೇ ದಿನಕ್ಕೆ ಅದು ಹೇಗೆ ಕೆಡುತ್ತದೆ?

ಗಾಬರಿಯಿಂದ ಬೈಕ್ ಹತ್ತಿ ಹೋಗಿ ನೋಡಿದರೆ ಧಾರಾವಾಹಿ ಚೆನ್ನಾಗಿಯೇ ಓಡುತ್ತಿತ್ತು. ಸುಜಾತಾಳ ಅಜ್ಜಿ ಹುಲುಗಮ್ಮ ಮಂಚದ ಮೇಲೆ ಎಲೆ ಅಡಿಕೆ ಜಗಿಯುತ್ತಾ ಅದರಲ್ಲೇ ಮುಳುಗಿದ್ದಳು.

“ಏನ್ ಕೆಟ್ಟೈತ್ರಿ?”

“ಫೋನಿನಾಗಿಂದು ಟಿವಿಯಾಗ ಬರ್ತೈತಿ ಅಂದಿದ್ರಲ್ಲ. ಬರವಲ್ದು.”

ಅವಳು ಸೀರೆಗೆ ಕುಚ್ಚು ಕಟ್ಟುವವಳು. ಹೊಸ ಹೊಸ ಡಿಸೈನುಗಳನ್ನು ಫೋನಿನ ವಿಡಿಯೋ ನೋಡಿ ಕಲಿಯುತ್ತಿದ್ದಳು. ಆದರೆ ಫೋನಿನಲ್ಲಿ ಗಂಟುಗಳು ಕಾಣುತ್ತಿರಲಿಲ್ಲ, ಟಿವಿ ಬಂದದ್ದೇ ಆ ಕಾರಣಕ್ಕೆ. ಅಂಜಿನಿ ಅವಳ ಫೋನ್ ಈಸಿಕೊಂಡು, ಫೋನೂ ಟಿವಿಯೂ ಒಂದೇ ವೈಫೈಯಲ್ಲಿ ಇರಬೇಕೆಂದು ಹೇಳಿ, ಮೂಲೆಯ ಸಣ್ಣ ಗುರುತನ್ನು ಒತ್ತಿ ತೋರಿಸಿದ. ಗೋಡೆಯ ಮೇಲೆ ಕುಚ್ಚು ಕಟ್ಟುವ ಯಾರದೋ ಬೆರಳುಗಳು ಮೂಡಿದವು. ಒಂದೊಂದು ರೇಷ್ಮೆ ಎಳೆಯೂ ಹಗ್ಗದಷ್ಟು ದಪ್ಪ.

“ಟಿವಿ ಕೆಟ್ಟಿಲ್ರಿ,” ಎಂದ.

“ಹಂಗಾರ ಕೆಟ್ಟಿದ್ದು ನಾನಾ?”

ಓರೆಯಾಗಿ ನೋಡಿ, ತುಟಿ ಕಚ್ಚಿ ನಗು ನುಂಗಿದಳು. ಅಂಜಿನಿ ಹೊಳಲಿನಿಂದ ಹಡಗಲಿಯ ತನಕ ಬೈಕಿನ ಮೇಲೆ ಉತ್ತರ ಹುಡುಕುತ್ತಲೇ ಹೋದ.

ಆ ತಿಂಗಳಲ್ಲಿ “ಬರವಲ್ದು” ಎಂಬ ಫೋನ್ ಇನ್ನೂ ಮೂರು ಸಲ ಬಂತು. ಕೊನೆಯ ಸಲ ನೋಡಿದರೆ ಅವಳ ಫೋನಿನ ವೈಫೈಯೇ ಬಂದ್ ಆಗಿತ್ತು.

“ಇದು ತಾನಾ ಬಂದ್ ಆಗಂಗಿಲ್ರಿ. ಯಾರೋ ಮಾಡ್ಯಾರ.”

“ಹೌದೇನ್ರಿ? ಯಾರು ಮಾಡಿರಬೇಕು?” ಕಣ್ಣರಳಿಸಿದಳು. “ನೀವಾ ಹುಡುಕ್ರಿ. ಮೆಕ್ಯಾನಿಕ್ ಅಲ್ಲೇನು ನೀವು?”

ಹುಡುಕುವುದೇನೂ ಉಳಿದಿರಲಿಲ್ಲ. ಅಲ್ಲಿಂದ ಮುಂದೆ ರೇಷ್ಮೆ ದಾರ ತರಲು ಅವಳು ವಾರಕ್ಕೊಮ್ಮೆ ಹಡಗಲಿಗೆ ಬಂದಳು. ದಾರ ಕೊಳ್ಳಲು ಹತ್ತು ನಿಮಿಷ, ಮಂಡಕ್ಕಿ ಮಿರ್ಚಿ ತಿನ್ನಲು ಒಂದು ತಾಸು. ಒಂದು ದಿನ ಅವನು ಮಲ್ಲಿಗೆ ಕೊಂಡುಕೊಟ್ಟರೆ ತಿರುಗಿ ಅವನ ಜೇಬಿಗೇ ತುರುಕಿದಳು.

“ಬ್ಯಾಡೋ. ಬಸ್ಸಿನಾಗ ಘಮ್ಮಂದ್ರ ಊರೆಲ್ಲ ಕೇಳ್ತೈತಿ.”

“ಕೇಳಲಿ ಬಿಡು.”

“ಮೊದ್ಲು ನಿಮ್ಮವ್ವನ್ನ ಕಳ್ಸು. ಆಮ್ಯಾಕ ಮಳ ಅಲ್ಲ, ಮಾರು ಮುಡೀತೀನಿ.”

ಬಸ್ಸು ಹತ್ತಿದವಳು ಕಿಟಕಿಯಿಂದ ಕೈ ಚಾಚಿದಳು. ಅವನು ಒಂದೇ ಒಂದು ಹೂವನ್ನು ಕಿತ್ತು ಆ ಅಂಗೈಯಲ್ಲಿಟ್ಟ.

ಅವನ ತಾಯಿ ಶಿವಮ್ಮ ತಮ್ಮೂರು ಹಿರೇಹಡಗಲಿಯಿಂದ ಹೆಣ್ಣು ಕೇಳಲು ಹೋದಳು. ಒಂದೇ ಜಾತಿ, ದುಡಿಯುವ ಹುಡುಗ. ಸುಜಾತಾಳ ಅಪ್ಪ ಉಚ್ಚಂಗೆಪ್ಪನಿಗೆ ಸಂತೋಷವೇ ಆಯಿತು. ಚಹಾ ಬಂತು. ಆಗ ಮಂಚದ ಮೇಲಿಂದ ಹುಲುಗಮ್ಮ, “ನಿಮ್ಮದು ಯಾವ ಬೆಡಗವ್ವಾ?” ಎಂದು ಕೇಳಿದಳು.

ಬೆಡಗು ಎಂದರೆ ಮೂಲ ವಂಶದ ಹೆಸರು. ಒಂದೇ ಬೆಡಗಿನವರು ಎಷ್ಟೇ ದೂರದವರಾದರೂ ಅಣ್ಣತಂಗಿಯರು, ಮದುವೆಯಾಗುವಂತಿಲ್ಲ. ಶಿವಮ್ಮನಿಗೆ ಗೊತ್ತಿರಲಿಲ್ಲ, ಹೇಳಬೇಕಾದ ಹಿರಿಯರು ತೀರಿಕೊಂಡಿದ್ದರು. ಹುಲುಗಮ್ಮ ಅವಳ ಮಾವನ ಹೆಸರು ಕೇಳಿದಳು, ಅವನ ಅಪ್ಪನ ಹೆಸರು ಕೇಳಿದಳು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತಳು.

“ಅವ್ರು ನಮ್ಮ ಓಣ್ಯಾಗಿಂದ ಹೋದವ್ರು. ನಮ್ಮದಾ ಬೆಡಗು,” ಎಂದಳು. “ಹುಡುಗ ಹುಡುಗಿ ಅಣ್ಣತಂಗಿ ಆಗ್ತಾರ.”

ಶಿವಮ್ಮ ಲೋಟವನ್ನು ಕೆಳಗಿಟ್ಟು ಎದ್ದಳು.

ಎರಡು ದಿನದ ಮೇಲೆ ಸುಜಾತಾ ಫೋನಿನಲ್ಲಿ ಅತ್ತಳು; ಅತ್ತು ಮುಗಿಸಿ ಗಟ್ಟಿಯಾಗಿ ಹೇಳಿದಳು: “ನಡಿ, ಹೋಗಿಬಿಡಾಣು. ಕೂಡ್ಲಿಗ್ಯಾಗ ನನ್ನ ಗೆಳತಿ ಅದಾಳ. ರಿಜಿಸ್ಟರ್ ಮಾಡ್ಸಾಣು. ನೀ ಹೂಂ ಅಂದ್ರ ನಾಳೀಗೆ ಬಸ್ ಹತ್ತತೀನಿ.”

“ಎಂಟು ದಿನ ತಡಿ, ಸುಜಿ. ಅವ್ವಗ ತಿಳಿಸಿ ಹೇಳ್ತೀನಿ.”

ಅವ್ವ ತಿಳಿಯಲಿಲ್ಲ. “ನಿನಗ ತಂಗಿ ಆಗಾಕಿನ್ನ ತಂದು ಸೊಸಿ ಅಂತ ಹೆಂಗ ಕರೀಲಿ?” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಎಂಟು ದಿನ ಇಪ್ಪತ್ತಾಯಿತು. ಅಂಜಿನಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ದಿನವೂ ಅಂಗಡಿ ತೆರೆದ, ಟಿವಿ ಬಿಚ್ಚಿದ, ಜೋಡಿಸಿದ. ಅವಳ ಫೋನ್ ಬಂದಾಗ “ಇನ್ನ ಸ್ವಲ್ಪ ದಿನ” ಎಂದ.

ಇಪ್ಪತ್ತೊಂದನೆಯ ದಿನ ಅವಳು ಹೇಳಿದಳು: “ಹರಪನಹಳ್ಳಿಯವ್ರು ನೋಡಿ ಹೋಗ್ಯಾರ. ನಾ ಒಪ್ಪೀನಿ.”

“ಸುಜಿ…”

“ನಿನ್ನ ಎಂಟು ದಿನ ಈ ಜನ್ಮದಾಗ ಮುಗಿಯಂಗಿಲ್ಲೋ, ಅಂಜಿನಿ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮದುವೆಗೆ ತಿಂಗಳಿರುವಾಗ ಹುಲುಗಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಆಕೆಯನ್ನು ಮಂಚದಿಂದ ಎಬ್ಬಿಸುವಂತಿರಲಿಲ್ಲ. ಉಚ್ಚಂಗೆಪ್ಪ ಅಂಜಿನಿಗೆ ಫೋನ್ ಮಾಡಿದ. ಹೆಣ್ಣು ಕೇಳಿ ಬಂದದ್ದಷ್ಟೇ ಅವನಿಗೆ ಗೊತ್ತು, ಅದರ ಹಿಂದಿನದು ಗೊತ್ತಿರಲಿಲ್ಲ.

“ತಮ್ಮಾ, ಫೋಟೋದವ್ರು ಮದುವಿ ಲೈವ್ ಬಿಡ್ತಾರಂತ. ನಮ್ಮವ್ವಗ ಫೋನಿನಾಗ ಕಾಣಂಗಿಲ್ಲ. ನೀ ಬಂದು ಟಿವಿಯಾಗ ಹಾಕಿಕೊಡಪಾ. ನೀ ಏನ್ ಹೊರಗಿನಾವನಾ? ಸುಜಾತಾಗ ಅಣ್ಣ ಆಗಬೇಕು.”

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಆ ಮನೆಗೆ ಹೋಗಲು ಇನ್ನೊಂದು ಕಾರಣ ತನಗೆ ಈ ಜೀವಮಾನದಲ್ಲಿ ಸಿಗುವುದಿಲ್ಲವೆಂದು ಅಂಜಿನಿಗೆ ಗೊತ್ತಿತ್ತು.

ಮದುವೆಯ ಬೆಳಿಗ್ಗೆ ಹೊಳಲಿನ ಮನೆಯಲ್ಲಿ ಇದ್ದವರು ಹುಲುಗಮ್ಮ ಮತ್ತು ಆಕೆಯನ್ನು ನೋಡಿಕೊಳ್ಳಲು ಬಂದ ಪಕ್ಕದ ಮನೆಯ ಪಕ್ಕೀರಮ್ಮ ಇಬ್ಬರೇ. ವೈಫೈ ಕೈಕೊಟ್ಟಿತ್ತು. ಅಂಜಿನಿ ತನ್ನ ಫೋನಿನ ಪರದೆಯನ್ನೇ ವೈರಿಲ್ಲದೆ ನೇರವಾಗಿ ಟಿವಿಗೆ ಜೋಡಿಸಿ, ತನ್ನ ನೆಟ್ಟಿನಲ್ಲೇ ಲೈವ್ ಹಚ್ಚಿದ. ಗೋಡೆಯ ತುಂಬ ಹರಪನಹಳ್ಳಿಯ ಕಲ್ಯಾಣಮಂಟಪ ತೆರೆದುಕೊಂಡಿತು. ಹಸಿರು ಸೀರೆ, ಬಾಸಿಂಗದಲ್ಲಿ ಸುಜಾತಾ. ಸೀರೆಯ ಸೆರಗಿಗೆ ಅವಳೇ ಕಟ್ಟಿಕೊಂಡ ಕುಚ್ಚು.

“ಅಯ್ಯ ನನ್ನವ್ವಾ!” ಹುಲುಗಮ್ಮ ಮಲಗಿದಲ್ಲಿಂದಲೇ ನೆಟಿಕೆ ಮುರಿದಳು.

ಗಟ್ಟಿಮೇಳ ಶುರುವಾಗುವ ಹೊತ್ತಿಗೆ ಚಿತ್ರ ನಿಂತಿತು. ಸುಜಾತಾಳ ಮುಖದ ಮೇಲೆ ಬಿಳಿ ಚಕ್ರ ತಿರುಗತೊಡಗಿತು.

“ಏನಾತೋ ಯಪ್ಪಾ? ತಾಳಿ ಕಟ್ಟಿಬಿಡ್ತಾರೋ!”

ದಪ್ಪ ಗೋಡೆಯ ಮನೆ, ಒಳಗೆ ಸಿಗ್ನಲ್ ನಿಲ್ಲುತ್ತಿರಲಿಲ್ಲ. ಅಂಜಿನಿ ಒಂದು ಕ್ಷಣ ಆ ಚಕ್ರವನ್ನು ನೋಡುತ್ತಾ ನಿಂತ. ಹೀಗೇ ಬಿಟ್ಟರೆ ಯಾರೂ ಅವನನ್ನು ಬೈಯುವಂತಿರಲಿಲ್ಲ. ಮುದುಕಿಯ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು.

ಅವನು ಹೊರಗೆ ಓಡಿದ. ಕಿಟಕಿಯ ಪಕ್ಕದ ಕಟ್ಟೆ ಹತ್ತಿ, ಕೈಯನ್ನು ಆದಷ್ಟು ಮೇಲೆತ್ತಿ ಫೋನ್ ಹಿಡಿದ. ಒಳಗೆ ವಾಲಗದ ಸದ್ದು ಒಮ್ಮೆಲೇ ಮೊಳಗಿತು. ಅವನಿಗೆ ಕಾಣುತ್ತಿದ್ದುದು ಬಿಸಿಲು, ಕರೆಂಟಿನ ವೈರು, ಒಂದು ಕಾಗೆ.

“ಬಂತು, ಬಂತು! ಅಲುಗಾಡಬ್ಯಾಡಪಾ!” ಕಿಟಕಿಯಿಂದ ಹುಲುಗಮ್ಮನ ದನಿ ಕೇಳಿತು. “ಎದ್ದು ನಿಂತ್ರು… ತಾಳಿ ತಗೊಂಡ… ಕಟ್ಟಾಕತ್ಯಾನ ನೋಡು. ಕಟ್ಟಿದ! ಅಕ್ಷತಿ ಹಾಕು, ಪಕ್ಕೀರೀ!”

ಪಕ್ಕೀರಮ್ಮ ಟಿವಿಗೆ ಅಕ್ಕಿ ಎರಚಿದ ಸದ್ದು ಕೇಳಿಸಿತು. ಅಂಜಿನಿ ಮೇಲೆತ್ತಿದ ತೋಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ.

ಸ್ವಲ್ಪ ಹೊತ್ತಿಗೆ ಕ್ಯಾಮೆರಾದವನು ಮೈಕ್ ಕೊಟ್ಟನೋ ಏನೋ, ಒಳಗಿನಿಂದ ಸುಜಾತಾಳ ದನಿ ಬಂತು. “ಅಜ್ಜೀ, ಕಾಣ್ತೀನೇನು? ಅಳಬ್ಯಾಡ. ಎಂಟು ದಿನಕ್ಕ ಬರ್ತೀನಿ.” ಸ್ವಲ್ಪ ತಡೆದು ಹೇಳಿದಳು: “ಟಿವಿ ಹಚ್ಚಿಕೊಟ್ಟಾರಲ್ಲ, ಅವರಿಗೆ ಉಣ್ಣಾಕ ಹಾಕ್ಸು. ಹಸದು ಹೋದಾರು.”

“ಅಂಜಿನಿ ಅಣ್ಣಗ ಅನ್ನವ್ವಾ,” ಎಂದು ಉಚ್ಚಂಗೆಪ್ಪ ಪಕ್ಕದಿಂದ ತಿದ್ದಿದ.

ವಾಲಗ ಮತ್ತೆ ಶುರುವಾಯಿತು.

ಲೈವ್ ಮುಗಿದ ಮೇಲೆ ಅಂಜಿನಿ ಒಳಗೆ ಬಂದ. ಪಕ್ಕೀರಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು. ಹುಲುಗಮ್ಮ ಅವನನ್ನೇ ನೋಡುತ್ತಿದ್ದಳು.

“ಆಕಿ ಅಣ್ಣ ಅನ್ನಲಿಲ್ಲ,” ಎಂದಳು.

ಅವನು ತಲೆ ಎತ್ತಲಿಲ್ಲ.

“ಎಷ್ಟು ದಿನದಿಂದೋ?”

“ಈ ಟಿವಿ ಬಂದಾಗಿಂದ, ಅಜ್ಜಿ.”

“ಬೆಡಗು ನನಗೊಬ್ಬಾಕಿಗೆ ಗೊತ್ತಿತ್ತು. ನಾ ಬಾಯಿ ಮುಚ್ಚಿಕೊಂಡಿದ್ರ ಊರಾಗ ಒಂದು ನರಪಿಳ್ಳಿಗೂ ತಿಳೀತಿರಲಿಲ್ಲ.” ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಿಂಗಂತ ಯಾರಾರ ನನಗ ಒಂದು ಮಾತು ಹೇಳಿದ್ರ…”

“ನೀ ಇದ್ದದ್ದು ಹೇಳಿದಿ, ಅಜ್ಜಿ,” ಎಂದ ಅಂಜಿನಿ. “ಆಕಿ ಬಸ್ ಹತ್ತತೀನಿ ಅಂದಿದ್ಲು. ಬಾಯಿ ಮುಚ್ಚಿಕೊಂಡು ಕುಂತಾವ ನಾನು.”

ಪಕ್ಕೀರಮ್ಮ ತಟ್ಟೆ ತಂದಿಟ್ಟಳು. ಗೋಧಿ ಹುಗ್ಗಿ, ಅನ್ನ, ಸಾರು. ಅವನು ಹುಗ್ಗಿ ಬಾಯಿಗಿಟ್ಟ. ಸುಜಾತಾ ಹೇಳಿದ್ದಾಳೆಂದು ಒಂದೊಂದೇ ತುತ್ತು ನುಂಗಿ, ತಟ್ಟೆ ಖಾಲಿ ಮಾಡಿದ.

“ತಮ್ಮಾ,” ಹುಲುಗಮ್ಮ ಮೆಲ್ಲಗೆ ಕೇಳಿದಳು. “ತಾಳಿ ಕಟ್ಟುವಾಗ ಕಣ್ಣಾಗ ನೀರು ತುಂಬಿ ನನಗ ಸರಿ ಕಾಣಲಿಲ್ಲ. ಇನ್ನೊಮ್ಮಿ ತೋರ್ಸಾಕ ಬರ್ತೈತೇನು? ನಿನಗ ಆಗಂಗಿಲ್ಲಂದ್ರ ಬ್ಯಾಡ ಮತ್ತ.”

ಅಂಜಿನಿ ಕೈ ತೊಳೆದು ಬಂದ. ಕಟ್ಟೆಯ ಮೇಲೆ ನಿಂತು ಇಡೀ ವಿಡಿಯೋವನ್ನು ಫೋನಿಗೆ ಇಳಿಸಿಕೊಂಡ. ಒಳಗೆ ಬಂದು ಟಿವಿಗೆ ಹಾಕಿದ. ಈ ಸಲ ಹೊರಗೆ ಹೋಗಬೇಕಾಗಿರಲಿಲ್ಲ. ಮಂಚದ ಪಕ್ಕದಲ್ಲಿ ನೆಲಕ್ಕೆ ಕೂತ.

ಸುಜಾತಾ ಎದ್ದು ನಿಂತಳು. ತಾಳಿ ಕೊರಳಿಗೆ ಬರುವ ಮುಂಚೆ ತಲೆಯೆತ್ತಿ ನೇರವಾಗಿ ಕ್ಯಾಮೆರಾ ಕಡೆ ನೋಡಿದಳು. ವಾಲಗ ಜೋರಾಗುವವರೆಗೂ ನೋಡಿದಳು. ಆಮೇಲೆ ಕೊರಳು ಬಾಗಿಸಿದಳು. ಇದನ್ನು ಹುಲುಗಮ್ಮ ಕಿಟಕಿಯಿಂದ ಹೇಳಿರಲಿಲ್ಲ.

ಮುದುಕಿಯ ಕೈ ಅವನ ತಲೆಯ ಮೇಲೆ ಬಂತು.

“ಇಬ್ರೂ ಚಂದ ಕಾಣ್ತಾರ, ಅಲ್ಲೇನಪಾ?”

“ಹೂಂ ಅಜ್ಜಿ,” ಎಂದ ಅಂಜಿನಿ. “ಚಂದ ಕಾಣ್ತಾಳ.”