ದೋಷಗಳು: ಇಲ್ಲ

ಹದಿನಾಲ್ಕನೆಯ ತಾರೀಖು, ಗುರುವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೇಬಲ್ ಎರಡೆರಡು ಸಲ ಓದಿದರು. ದೂರುದಾರರು ಲೇತ್ ವರ್ಕ್‌ಶಾಪ್ ನಡೆಸುವ ಐವತ್ತೆರಡರ ಹೆಂಗಸು. ಊರಿಗೆಲ್ಲ 'ಲೇತ್ ಅಕ್ಕ'. ಅವರು ಊರಲ್ಲಿಲ್ಲದ ಮೂರು ದಿನದಲ್ಲಿ ಕಳುವಾಗಿದ್ದು ವಿಮಾನದ ಕಾರ್ಬುರೇಟರ್.

"ವಿಮಾನ ಯಾರ್ದಮ್ಮ?"

"ನಂದೇ. ಆರು ವರ್ಷ ಶೆಡ್‌ನಲ್ಲಿ ಕೂತು ನಾನೇ ಕಟ್ಟಿದ್ದು. ಭಾನುವಾರ ಮೊದಲ ಹಾರಾಟ. ಪರವಾನಗಿ ಅವತ್ತಿಗೇ ಮುಗಿಯುತ್ತೆ. ತಪ್ಪಿದ್ರೆ ಇನ್ನೊಂದು ವರ್ಷ ಅರ್ಜಿ ಹಿಡ್ಕೊಂಡು ಅಲೀಬೇಕು."

ಎಫ್‌ಐಆರ್ ದಾಖಲಿಸಿಕೊಂಡು ಇನ್ಸ್‌ಪೆಕ್ಟರ್ ಹತ್ತೂವರೆಗೆ ಶೆಡ್ ತಲುಪಿದರು. ಎರಡು ಸೀಟಿನ ಬಿಳಿ ವಿಮಾನ ಶೆಡ್ಡಿನ ಮುಕ್ಕಾಲು ಪಾಲು ತುಂಬಿಕೊಂಡು ನಿಂತಿತ್ತು. ಬಿಗಿ ಮಾಡಿದ ಪ್ರತಿಯೊಂದು ನಟ್ಟಿನ ಮೇಲೂ ಸಣ್ಣ ಕೆಂಪು ಗೆರೆ. ನಟ್ಟು ಒಂದು ಕೂದಲಷ್ಟು ತಿರುಗಿದರೂ ಗೆರೆ ಒಡೆದು ಗೊತ್ತಾಗುತ್ತದೆ.

"ಕಂಪನಿ ವಿಮಾನಾನೇ ಕೊಳ್ಳಬಹುದಿತ್ತಲ್ಲ?"

"ಎಲ್ರೂ ಅದನ್ನೇ ಅಂದ್ರು. ಕಂಪನಿದಕ್ಕೆ ಸರ್ಟಿಫಿಕೇಟ್ ಇರುತ್ತೆ ಸಾರ್. ಇದಕ್ಕೆ ನಾನಿದ್ದೀನಿ. ಯಾವ ಬೋಲ್ಟ್ ಯಾವತ್ತು ಕೂರಿಸ್ದೆ, ಕೇಳಿ."

ಇನ್ಸ್‌ಪೆಕ್ಟರ್ ಬಾಲದ ಹತ್ತಿರದ ಒಂದು ಬೋಲ್ಟನ್ನು ಮುಟ್ಟಿದರು. ಲೇತ್ ಅಕ್ಕ ತಾರೀಖು ಹೇಳಿದರು. ದಾಖಲೆ ಪುಸ್ತಕ ತೆರೆದು ನೋಡಿದರೆ ಅದೇ ತಾರೀಖು. ಹೆಡ್ ಕಾನ್‌ಸ್ಟೇಬಲ್ಲರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಕಾರ್ಬುರೇಟರ್ ಬಿಚ್ಚಿದ ಜಾಗದಲ್ಲಿ ಪೆಟ್ರೋಲ್ ಕೊಳವೆಯ ಬಾಯಿಗೆ ಧೂಳು ಹೋಗದಂತೆ ಮುಚ್ಚಳ ಹಾಕಿತ್ತು. ಬಿಚ್ಚಿದ ಬೋಲ್ಟ್‌ಗಳು ಬಟ್ಟೆಯ ಚೀಲದಲ್ಲಿದ್ದವು. ಚೀಲಕ್ಕೆ ಚೀಟಿ: 'ಬೋಲ್ಟ್ ನಾಲ್ಕು, ವಾಷರ್ ನಾಲ್ಕು'. ಪ್ರೊಪೆಲ್ಲರಿಗೆ ಕೆಂಪು ಬಟ್ಟೆ ಕಟ್ಟಿ 'ಚಾಲೂ ಮಾಡಬೇಡಿ' ಎಂದು ಬರೆದಿತ್ತು.

"ಈ ಕಳ್ಳ ನಮ್ಮನೆಗೆ ಬರಬಾರದಿತ್ತಾ ಸಾರ್," ಎಂದರು ಹೆಡ್ ಕಾನ್‌ಸ್ಟೇಬಲ್. "ಅಡುಗೆಮನೆ ಒರೆಸಿಟ್ಟು ಹೋಗ್ತಿದ್ದ."

ಬೀಗದ ಕೈ ಎರಡು. ಒಂದು ಲೇತ್ ಅಕ್ಕನ ಸೊಂಟದಲ್ಲಿ. ಇನ್ನೊಂದು?

"ಅಣ್ಣನ ಮನೇಲಿ." ಅವರ ಮುಖ ಸಣ್ಣದಾಯಿತು. "ವಿಮಾನ ಕಾರ್ಖಾನೇಲಿ ಮೂವತ್ತೊಂದು ವರ್ಷ ತಪಾಸಣೆ ಮಾಡ್ದೋನು. ಕಟ್ಟೋದು ಬೇಡ, ಕಂಪನಿದೇ ತಗೋ ಅಂತ ಜಗಳ ಆಡಿದ್ದ. ಈ ಶೆಡ್ಡಿಗೆ ಕಾಲಿಟ್ಟೋನೇ ಅಲ್ಲ."

ಹಳೆಯ ವಿಮಾನಗಳ ದಲ್ಲಾಳಿಯೊಬ್ಬನನ್ನೂ ಮಧ್ಯಾಹ್ನ ಕರೆಸಿದರು. ಕಂಪನಿ ವಿಮಾನ ಕೊಳ್ಳಿ ಎಂದು ಅವನು ಬೆನ್ನು ಬಿದ್ದಿದ್ದರೂ ಲೇತ್ ಅಕ್ಕ ಸೊಪ್ಪು ಹಾಕಿರಲಿಲ್ಲ. ಆದರೆ ಸ್ಪ್ಯಾನರ್ ಕೊಟ್ಟರೆ ಅವನು ಅದನ್ನು ತಲೆಕೆಳಗಾಗಿ ಹಿಡಿದ. ಇನ್ಸ್‌ಪೆಕ್ಟರ್ ಕಳಿಸಿಬಿಟ್ಟರು.

ಸಂಜೆ ನಾಲ್ಕೂಕಾಲಿಗೆ ಅಣ್ಣನ ಮನೆ. ಗೋಡೆಯ ಮೊಳೆಗೆ ಶೆಡ್ಡಿನ ಬೀಗದ ಕೈ ನೇತಾಡುತ್ತಿತ್ತು.

"ನಿನ್ನೆವರೆಗೆ ಮೂರು ದಿನ ಎಲ್ಲಿದ್ರಿ?"

"ಮನೇಲಿ."

"ಶೆಡ್ಡಿಗೆ ಹೋಗಿದ್ರಾ?"

"ಇಲ್ಲ."

ಇನ್ಸ್‌ಪೆಕ್ಟರ್ ಎದ್ದರು. ಬಾಗಿಲಲ್ಲಿ ನಿಂತು, "ಕಳ್ಳನಿಗೆ ಎಣಿಸೋಕೂ ಬರಲ್ಲ. ಚೀಟೀಲಿ ನಾಲ್ಕು ಬೋಲ್ಟ್ ಅಂತಿದೆ, ಚೀಲದಲ್ಲಿ ಮೂರೇ ಇವೆ," ಎಂದರು.

"ಸಾಧ್ಯಾನೇ ಇಲ್ಲ!" ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. "ನಾಲ್ಕೇ ಇವೆ. ಎರಡು ಸಲ ಎಣಿಸಿ ನಾನೇ..."

ಚೀಲದಲ್ಲಿ ಇದ್ದದ್ದೂ ನಾಲ್ಕೇ. ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದಿತ್ತೇನೋ. ಎಣಿಕೆ ತಪ್ಪಿತೆಂಬ ಮಾತನ್ನು ಮಾತ್ರ ಆ ಮನುಷ್ಯ ತಡೆದುಕೊಳ್ಳಲಾರರು. ಒಳಗೆ ಹೋಗಿ, ಶುಭ್ರ ಬಟ್ಟೆಯಲ್ಲಿ ಸುತ್ತಿದ ಕಾರ್ಬುರೇಟರನ್ನೂ ಒಂದು ಹಾಳೆಯನ್ನೂ ತಂದು ಮೇಜಿನ ಮೇಲಿಟ್ಟರು.

"ಅನುಮತಿ ಕಚೇರಿಗೆ ಅಂತ ಅವಳು ಮೂರು ದಿನ ಊರಲ್ಲಿರ್ಲಿಲ್ಲ. ತಪ್ಪು ಹುಡುಕೋಕೆ ಹೋದೆ. ಒಂದು ಸಿಕ್ಕಿದ್ರೆ ಸಾಕು, ಹಾರಬೇಡ ಅನ್ನಬಹುದಿತ್ತು. ಟಾರ್ಚ್ ಹಿಡ್ಕೊಂಡು ಒಂದೊಂದು ರಿವೆಟ್ಟೂ ನೋಡ್ದೆ. ಸಿಗಲಿಲ್ಲ ಸಾರ್." "ಇರೋಳು ಒಬ್ಬಳೇ ತಂಗಿ. ಕಾರಣ ಇಲ್ದೆ ಹೆಂಗೆ ತಡೀಲಿ? ಭಯ ಆಯ್ತು, ಬಿಚ್ಕೊಂಡು ಬಂದೆ."

ಹಾಳೆಯಲ್ಲಿ ನೂರ ಹನ್ನೆರಡು ಸಾಲು ತಪಾಸಣೆ. ಕೊನೆಯಲ್ಲಿ 'ದೋಷಗಳು: ಇಲ್ಲ'. ಸಹಿಯ ಜಾಗ ಖಾಲಿ.

"ಮೂವತ್ತೊಂದು ವರ್ಷದಲ್ಲಿ ಇಂಥಾ ಹಾಳೆ ನಾನು ಬರೆದಿರ್ಲಿಲ್ಲ," ಎಂದರು ಅಣ್ಣ. ಬೇಡಿಗೆ ಕೈಯೊಡ್ಡಿ ನಿಂತ ಆರೋಪಿಯ ಮುಖದಲ್ಲಿ ಹೆಮ್ಮೆ ಕಂಡದ್ದು ಇನ್ಸ್‌ಪೆಕ್ಟರಿಗೆ ಅದೇ ಮೊದಲು. ಐದು ಹತ್ತಕ್ಕೆ ಬಂಧನ ದಾಖಲಾಯಿತು.

ಠಾಣೆಗೆ ಓಡಿಬಂದ ಲೇತ್ ಅಕ್ಕ ಅಣ್ಣನನ್ನು ಬಯ್ಯಲು ಬಾಯಿ ತೆರೆದವರು, ಹಾಳೆ ಓದಿ ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಪೆನ್ನು ಚಾಚಿದರು.

"ಸಹಿ ಹಾಕಣ್ಣ."

"ಕಳ್ಳನ ಸಹಿ ಯಾತಕ್ಕಮ್ಮ?"

"ನನ್ನ ಅಣ್ಣಂದು ಬೇಕು."

"ಜೆರಾಕ್ಸ್ ಮೇಲೆ ಹಾಕಿ," ಎಂದರು ಇನ್ಸ್‌ಪೆಕ್ಟರ್. "ಅಸಲು ಪ್ರತಿ ನಮ್ಮ ಸಾಕ್ಷಿ."

ಶನಿವಾರ ನ್ಯಾಯಾಲಯ ಅಣ್ಣನಿಗೆ ಜಾಮೀನು ಕೊಟ್ಟಿತು. ಕಾರ್ಬುರೇಟರನ್ನು ವಾರಸುದಾರರಿಗೆ ಬಿಡಿಸಿಕೊಟ್ಟಿತು. ತಂಗಿಯ ಹಟಕ್ಕೆ ಮಣಿದು, ಬಿಚ್ಚಿದ ಕೈಯೇ ಅದನ್ನು ಮತ್ತೆ ಕೂರಿಸಿ, ನಾಲ್ಕು ಬೋಲ್ಟಿಗೂ ಕೆಂಪು ಗೆರೆ ಎಳೆಯಿತು. ಕೇಸ್ ಡೈರಿಯಲ್ಲಿ, ಕೃತ್ಯದ ಉದ್ದೇಶದ ಮುಂದೆ ಇನ್ಸ್‌ಪೆಕ್ಟರ್ ಬರೆದರು: 'ದ್ವೇಷವಲ್ಲ. ಭಯ.'

ಭಾನುವಾರ ಬೆಳಿಗ್ಗೆ ಏಳು ಹತ್ತಕ್ಕೆ ಲೇತ್ ಅಕ್ಕ ಒಬ್ಬರೇ ಹಾರಿದರು. ಇಪ್ಪತ್ತೆರಡು ನಿಮಿಷ ಅಣ್ಣ ಬೇಲಿಯ ಕಂಬ ಹಿಡಿದುಕೊಂಡು ನಿಂತಿದ್ದರು. ಚಕ್ರ ನೆಲ ಮುಟ್ಟಿದಾಗ ಪಕ್ಕದಲ್ಲಿದ್ದ ಯಾರೋ ಕೇಳಿದರು, "ಚೆನ್ನಾಗಿದೆ ಅಲ್ವಾ? ಯಾವ ಕಂಪನೀದು ಸಾರ್?"

ಅಣ್ಣ ಕಣ್ಣೊರೆಸಿಕೊಂಡರು.

"ಕಂಪನೀದಲ್ಲ ರೀ. ನನ್ನ ತಂಗೀದು."